ನೌಕರಿ ಬಿಟ್ಟವರ ಗಣಕ ಖಾತೆ: ಸ್ಕ್ರಿಪ್ಟ್ ಮೂಲಕ ಆಂತರಿಕ ನಿಯಂತ್ರಣ

ನೌಕರನೊಬ್ಬ ಕೆಲಸ ಬಿಡುವಾಗ ಸಂಸ್ಥೆಯು ಗುರುತಿನ ಚೀಟಿ, ಬೀಗದ ಕೈ, ಮುಂಗಡದ ಬಾಕಿ ಎಲ್ಲವನ್ನೂ ಮರಳಿ ಪಡೆದು ಬೇಬಾಕಿ ಪತ್ರ ನೀಡುತ್ತದೆ. ಆದರೆ ಸರ್ವರ್‌ನಲ್ಲಿ ಆತನ ಹೆಸರಿನಲ್ಲಿರುವ ಬಳಕೆದಾರ ಖಾತೆಯನ್ನು ಮುಚ್ಚುವ ಹೊಣೆ ಅನೇಕ ಕಡೆ ಯಾರದ್ದೂ ಆಗಿರುವುದಿಲ್ಲ.

ಈ ಅಲಕ್ಷ್ಯದ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಪ್ರಕರಣವೇ ಸಾಕ್ಷಿ. ಬಳಕೆಯಲ್ಲಿಲ್ಲದಿದ್ದರೂ ಮುಚ್ಚದೆ ಉಳಿದಿದ್ದ ಹಳೆಯ ಖಾತೆಯೊಂದರ ಪಾಸ್‌ವರ್ಡ್ ಬಳಸಿ ದುಷ್ಕರ್ಮಿಗಳು ಅದರ ಗಣಕಜಾಲವನ್ನು ಪ್ರವೇಶಿಸಿದರು. 2021ರ ಮೇ 7ರಂದು ಕಂಪನಿಯು ತನ್ನ ಇಂಧನ ಕೊಳವೆಮಾರ್ಗವನ್ನೇ ಸ್ಥಗಿತಗೊಳಿಸಬೇಕಾಯಿತು. ಸುಮಾರು 44 ಲಕ್ಷ ಡಾಲರ್ ಒತ್ತೆಹಣವನ್ನೂ ತೆರಬೇಕಾಯಿತು.

ಡೈರೆಕ್ಟರಿ ಮತ್ತು ಸ್ಕ್ರಿಪ್ಟ್

ವಿಂಡೋಸ್ 2000 ಸರ್ವರ್‌ನೊಂದಿಗೆ ಬಂದ ಆಕ್ಟಿವ್ ಡೈರೆಕ್ಟರಿಯನ್ನು ಬಳಕೆದಾರರ ಲೆಡ್ಜರ್ ಎನ್ನಬಹುದು. ಯಾರು ಪ್ರವೇಶಿಸಬಹುದು, ಯಾವ ಕಡತವನ್ನು ತೆರೆಯಬಹುದು ಎಂಬ ನಿರ್ಧಾರಕ್ಕೆ ಅದೇ ಆಧಾರ. ಪ್ರತಿ ಖಾತೆಯನ್ನೂ ಮೌಸ್ ಹಿಡಿದು ತಿದ್ದುವಾಗ ತಪ್ಪು ಮತ್ತು ಮರೆವು ಸಹಜ. 2006ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಪವರ್‌ಶೆಲ್ ಈ ಕೆಲಸವನ್ನು ಲಿಖಿತ ಆಜ್ಞೆಗಳ ಮೂಲಕ ಮಾಡಲು ದಾರಿ ತೆರೆಯಿತು. ಡೈರೆಕ್ಟರಿಗೆಂದೇ ಮೀಸಲಾದ ಆಜ್ಞೆಗಳು ವಿಂಡೋಸ್ ಸರ್ವರ್ 2008 ಆರ್2 ಜೊತೆಗೆ ಬಂದವು. ಇಂತಹ ಆಜ್ಞೆಗಳನ್ನು ಕ್ರಮವಾಗಿ ಬರೆದಿಟ್ಟ ಕಡತವೇ ಸ್ಕ್ರಿಪ್ಟ್.

ಕಾರ್ಯವಿಧಾನ ಸರಳ. ಸಿಬ್ಬಂದಿ ವಿಭಾಗವು ಆ ದಿನ ನಿವೃತ್ತರಾದವರ ಹಾಗೂ ರಾಜೀನಾಮೆ ನೀಡಿದವರ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ನೀಡುತ್ತದೆ. 'ಇಂಪೋರ್ಟ್-ಸಿಎಸ್‌ವಿ' ಅದನ್ನು ಓದುತ್ತದೆ. 'ಡಿಸೇಬಲ್-ಎಡಿಅಕೌಂಟ್' ಖಾತೆಯನ್ನು ನಿಷ್ಕ್ರಿಯಗೊಳಿಸುತ್ತದೆ. ಮುಂದಿನ ಸಾಲು ಯಾವ ಖಾತೆ, ಎಷ್ಟು ಹೊತ್ತಿಗೆ ಎಂಬುದನ್ನು ದಾಖಲಿಸುತ್ತದೆ. 90 ದಿನಗಳಿಂದ ಬಳಕೆಯಾಗದ ಖಾತೆಗಳನ್ನು 'ಸರ್ಚ್-ಎಡಿಅಕೌಂಟ್' ಹುಡುಕಿ ಕೊಡುತ್ತದೆ. ಆದರೆ ಅದು ಆಧರಿಸುವ ಕೊನೆಯ ಪ್ರವೇಶದ ದಿನಾಂಕವು ವಾಸ್ತವಕ್ಕಿಂತ ಸುಮಾರು 14 ದಿನ ಹಿಂದಿರಬಹುದು. ಹೆರಿಗೆ ರಜೆಯಲ್ಲಿರುವವರ ಹೆಸರೂ ಅದರಲ್ಲಿ ಬರಬಹುದು. ಆದ್ದರಿಂದ ವಿಭಾಗದ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಈ ಪಟ್ಟಿಯ ಮೇಲೆ ಕ್ರಮ ಸಲ್ಲದು.

ವಹಿಸಬೇಕಾದ ಎಚ್ಚರ

ಸ್ಕ್ರಿಪ್ಟ್ ಒಳ್ಳೆಯದನ್ನು ಮಾಡುವಷ್ಟೇ ವೇಗದಲ್ಲಿ ಅನಾಹುತವನ್ನೂ ಮಾಡಬಲ್ಲದು. 'ಪಟ್ಟಿಯಲ್ಲಿಲ್ಲದವರೆಲ್ಲರ ಖಾತೆ ಮುಚ್ಚು' ಎಂದು ಬರೆದ ಸ್ಕ್ರಿಪ್ಟ್‌ಗೆ ಅರ್ಧ ಕಡತ ಸಿಕ್ಕರೆ, ಸಂಬಳದ ದಿನವೇ ಅರ್ಧ ಕಚೇರಿಯ ಬಾಗಿಲು ಮುಚ್ಚಿದಂತಾಗುತ್ತದೆ. ಆದಕಾರಣ:

1. 'ವಾಟ್‌ಇಫ್' ಎಂಬ ಸೂಚನೆ ಸೇರಿಸಿ, ಏನಾಗಲಿದೆ ಎಂಬುದನ್ನು ಮೊದಲು ನೋಡಬೇಕು.

2. ಒಂದು ದಿನದಲ್ಲಿ ನಿಗದಿತ ಸಂಖ್ಯೆಗಿಂತ ಹೆಚ್ಚು ಖಾತೆಗಳು ಬಂದರೆ ಸ್ಕ್ರಿಪ್ಟ್ ತಾನಾಗಿ ನಿಲ್ಲಬೇಕು.

3. ಖಾತೆಯನ್ನು ಕೂಡಲೇ ಅಳಿಸದೆ ನಿಷ್ಕ್ರಿಯಗೊಳಿಸಬೇಕು. ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೆ ಆಂತರಿಕ ಗುರುತು ಬೇರೆಯಾಗುವುದರಿಂದ ಹಳೆಯ ಅಧಿಕಾರಗಳು ಮರಳುವುದಿಲ್ಲ.

4. ಸ್ಕ್ರಿಪ್ಟ್‌ನೊಳಗೆ ಪಾಸ್‌ವರ್ಡ್ ಬರೆದಿಡಬಾರದು.

5. ಚೆಕ್ ಬರೆಯುವವರೇ ಸಹಿ ಹಾಕಬಾರದೆಂಬಂತೆ, ಸ್ಕ್ರಿಪ್ಟ್ ಬರೆಯುವವರೇ ಅದಕ್ಕೆ ಅನುಮೋದನೆ ನೀಡಬಾರದು.

ಕಾನೂನಿನ ದೃಷ್ಟಿ

2013ರ ಕಂಪನಿ ಕಾಯ್ದೆಯ 143(3)(ಐ) ಪ್ರಕಾರ, ಅನ್ವಯವಾಗುವ ಕಂಪನಿಗಳ ಆಂತರಿಕ ಹಣಕಾಸು ನಿಯಂತ್ರಣಗಳ ಕುರಿತು ಲೆಕ್ಕಪರಿಶೋಧಕರು ವರದಿ ನೀಡಬೇಕು. ಬಿಟ್ಟುಹೋದ ಲೆಕ್ಕಿಗನ ಖಾತೆಯಿಂದ ಇಂದಿಗೂ ವೋಚರ್ ದಾಖಲಿಸಬಹುದಾದರೆ ಆ ನಿಯಂತ್ರಣಕ್ಕೆ ಅರ್ಥವಿಲ್ಲ. ಗಣಕ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ.

ಪವರ್‌ಶೆಲ್‌ಗೆ ಪ್ರತ್ಯೇಕ ಶುಲ್ಕವಿಲ್ಲ. ಬೇಕಾಗಿರುವುದು ಸಿಬ್ಬಂದಿ ವಿಭಾಗ ಹಾಗೂ ಗಣಕ ವಿಭಾಗಗಳ ಹೊಂದಾಣಿಕೆ. ಸದಸ್ಯ ಉದ್ದಿಮೆದಾರರು ಈ ತಿಂಗಳ ವೇತನ ಪಟ್ಟಿಯನ್ನು ಡೈರೆಕ್ಟರಿಯ ಬಳಕೆದಾರರ ಪಟ್ಟಿಯೊಂದಿಗೆ ಒಮ್ಮೆ ತಾಳೆ ನೋಡುವುದು ಒಳಿತು. ತಾಳೆಯಾಗದ ಒಂದೊಂದು ಹೆಸರಿಗೂ ಯಾರಾದರೊಬ್ಬರು ಉತ್ತರ ಕೊಡಲೇಬೇಕು.