ಕುರಿಯ ಕೊಬ್ಬು: ಎಲ್ಲಿ ಹುಟ್ಟುತ್ತದೆ, ಹೇಗೆ ಕರಗುತ್ತದೆ

ಕೋಳಿ ಸಾರು ಆರಿದರೂ ಎಣ್ಣೆ ತೇಲುತ್ತಲೇ ಇರುತ್ತದೆ. ಮಟನ್ ಸಾರು ಆರಿದರೆ ಮೇಲೆ ಬಿಳಿ ಪದರ ಹೆಪ್ಪುಗಟ್ಟುತ್ತದೆ. ಆದರೆ ಕುರಿ ತಿನ್ನುವ ಹಸಿರು ಹುಲ್ಲಿನಲ್ಲಿರುವ ಅಲ್ಪಸ್ವಲ್ಪ ಕೊಬ್ಬು ಎಣ್ಣೆಯ ಜಾತಿಯದೇ. ಅದನ್ನು ಗಟ್ಟಿಯಾಗಿಸುವುದು ಕುರಿಯ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳು. ವನಸ್ಪತಿ ಕಾರ್ಖಾನೆಯಲ್ಲಿ ಮಾಡುವಂತೆ ಅವು ಎಣ್ಣೆಗೆ ಹೈಡ್ರೋಜನ್ ಸೇರಿಸಿ, ಬಹುಪಾಲನ್ನು ಸ್ಟಿಯರಿಕ್ ಆಮ್ಲ ಮಾಡಿಬಿಡುತ್ತವೆ.

ಆದರೆ ಮೈಯ ಕೊಬ್ಬಿಗೆ ದೊಡ್ಡ ಮೂಲ ಹುಲ್ಲಿನ ನಾರು. ನಾರು ಹುದುಗಿದಾಗ ಮುಖ್ಯವಾಗಿ ಅಸಿಟಿಕ್ ಆಮ್ಲ ಬರುತ್ತದೆ, ವಿನೆಗರ್‌ನಲ್ಲಿರುವುದೂ ಅದೇ. ರಕ್ತದ ಮೂಲಕ ಕೊಬ್ಬಿನ ಕೋಶ ತಲುಪಿದ ಈ ಆಮ್ಲದ ತುಣುಕುಗಳನ್ನು ಕೋಶವೇ ಜೋಡಿಸಿ ಉದ್ದನೆಯ ಕೊಬ್ಬಿನಾಮ್ಲ ಮಾಡುತ್ತದೆ. ನಮ್ಮಲ್ಲಿ ಈ ಕೆಲಸ ಹೆಚ್ಚಾಗಿ ಯಕೃತ್ತಿನದು. ಕುರಿಯ ಯಕೃತ್ತಿಗೆ ಬೇರೆ ಹೊಣೆಯಿದೆ: ಹುದುಗುವಾಗ ಬಂದ ಪ್ರೊಪಿಯಾನಿಕ್ ಆಮ್ಲದಿಂದ ಗ್ಲೂಕೋಸ್ ತಯಾರಿಸುವುದು. ಕಾಳು ಅತಿಯಾಗಿ ತಿನ್ನಿಸಿದರೆ ಪ್ರೊಪಿಯಾನಿಕ್ ಮಿಕ್ಕಿ, ಕವಲೊಡೆದ ಕೊಬ್ಬಿನಾಮ್ಲಗಳು ಹೆಚ್ಚಿ, ಕೊಬ್ಬು ಮೆತ್ತಗಾಗುತ್ತದೆ. ಕುರಿಮಾಂಸದ ಆ ವಿಶಿಷ್ಟ ವಾಸನೆಯೂ ಇಂಥ ಕವಲು ಆಮ್ಲಗಳದ್ದೇ.

ಕೊಬ್ಬಿನ ಕೋಶವೆಂದರೆ ಬಹುಮಟ್ಟಿಗೆ ಒಂದೇ ದೊಡ್ಡ ಹನಿ, ಕೋಶಕೇಂದ್ರ ಅಂಚಿಗೆ ಒತ್ತರಿಸಿಕೊಂಡಿರುತ್ತದೆ. ಹುಟ್ಟಿದ ಮರಿಯಲ್ಲಿ ಮಾತ್ರ ಮೂತ್ರಪಿಂಡದ ಸುತ್ತ ಕಂದು ಕೊಬ್ಬಿದ್ದು, ಚಳಿಗೆ ಉರಿದು ಮೈ ಬೆಚ್ಚಗಿಡುತ್ತದೆ. ಕೆಲವೇ ವಾರಗಳಲ್ಲಿ ಅದು ಬಿಳಿಯಾಗುತ್ತದೆ. ಮುಂದೆ ಕೊಬ್ಬು ಮೊದಲು ಹೊಟ್ಟೆಯೊಳಗೆ, ಆಮೇಲೆ ಸ್ನಾಯುಗಳ ನಡುವೆ, ಚರ್ಮದಡಿ, ಕೊನೆಗೆ ಸ್ನಾಯುವಿನೊಳಗೆ ತುಂಬುತ್ತದೆ. ಹಾಗಾಗಿ ಹೊಟ್ಟೆಯ ಕೊಬ್ಬು ತೋರಿಸಿ ‘ಮಾಂಸವೂ ಮೆದು’ ಎನ್ನುವ ವ್ಯಾಪಾರದ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಮೇವು ಸಾಲದಾದಾಗ ಕೋಶದ ಹನಿ ಒಡೆದು ಕೊಬ್ಬಿನಾಮ್ಲಗಳು ರಕ್ತಕ್ಕೆ ಇಳಿಯುತ್ತವೆ. ಬೇಸಿಗೆಯಲ್ಲಿ ಕುರಿ ಬದುಕುವುದು ಇದರಿಂದಲೇ. ಅವಳಿ ಹೊತ್ತ ತುಂಬು ಗಬ್ಬದ ಕುರಿಯಲ್ಲಿ ಮಾತ್ರ ಇದು ಅಪಾಯ. ಗ್ಲೂಕೋಸನ್ನು ಮರಿಗಳೇ ಎಳೆದುಕೊಳ್ಳುವುದರಿಂದ, ಯಕೃತ್ತಿಗೆ ಬಂದ ಕೊಬ್ಬು ಪೂರ್ತಿ ಉರಿಯದೆ ಕೀಟೋನ್‌ಗಳಾಗುತ್ತದೆ. ಕುರಿ ಮೇವು ಬಿಟ್ಟು, ಮಂಕಾಗಿ, ಹಿಂಡಿನಿಂದ ಹಿಂದೆ ಬೀಳುತ್ತದೆ. ಬಡಕಲಿಗಷ್ಟೇ ಅಲ್ಲ, ತೀರಾ ಕೊಬ್ಬಿದ ಕುರಿಗೂ ಈ ಗಂಡಾಂತರ ಉಂಟು: ಹೊಟ್ಟೆಯ ಕೊಬ್ಬು, ಬೆಳೆದ ಗರ್ಭ ಸೇರಿ ರೂಮೆನ್‌ಗೆ ಜಾಗವೇ ಇಲ್ಲದೆ, ಸಾಕಷ್ಟು ಮೇವು ತಿನ್ನಲಾಗುವುದಿಲ್ಲ.

ಕುರಿ ಎಷ್ಟು ಕೊಬ್ಬಿದೆಯೆಂದು ತಿಳಿಯಲು ಕಣ್ಣಳತೆ ಕೆಲಸಕ್ಕೆ ಬಾರದು, ಉಣ್ಣೆ ಮರೆಮಾಚುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನುಮೂಳೆಯ ಮೇಲೆ ಬೆರಳೊತ್ತಿ ನೋಡಬೇಕು. ಮೂಳೆ ಚೂಪಾಗಿ ಚುಚ್ಚಿದರೆ ಅಂಕ 1, ಸಿಗದಷ್ಟು ಹೂತಿದ್ದರೆ 5. ಈಯುವ ಹೊತ್ತಿಗೆ 3ರ ಆಸುಪಾಸಿದ್ದರೆ ಸಾಕು. ಕಾಳು ಕೊಡುವುದಾದರೆ ಗಬ್ಬದ ಕೊನೆಯ ಆರು ವಾರಗಳಲ್ಲಿ, ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ.