ಚೀಟಿ ಎತ್ತಿ ಹಂಚಿದ ಮೂವತ್ತು ಸಸಿಗಳು

ವಂಶಗುಣದಲ್ಲಿ ಒಂದನ್ನೊಂದು ಹೋಲುವ ಬೀಜಗಳಿಂದ ಮೂವತ್ತು ಸಸಿ ಬೆಳೆಸಲಾಯಿತು. ಹತ್ತಕ್ಕೆ ಎಂದಿನ ಆರೈಕೆ. ಇನ್ನು ಹತ್ತಕ್ಕೆ ಒಂದು ಬಗೆಯ ಉಪಚಾರ, ಉಳಿದ ಹತ್ತಕ್ಕೆ ಮತ್ತೊಂದು ಬಗೆಯದು. ಗೊತ್ತುಮಾಡಿದ ದಿನ ಎಲ್ಲವನ್ನೂ ಕಿತ್ತು, ಒಣಗಿಸಿ ತೂಗಿದರು. ಎಂದಿನ ಆರೈಕೆಯ ಗುಂಪಿನ ಸರಾಸರಿ ತೂಕ 5.03 ಗ್ರಾಂ. ಮೊದಲ ಉಪಚಾರದ್ದು 4.66, ಎರಡನೆಯದರದ್ದು 5.53.

ಆನೆಟ್ ಡಾಬ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞೆ 1983ರ ತಮ್ಮ ಪಠ್ಯಪುಸ್ತಕದಲ್ಲಿ ಕೊಟ್ಟ ಅಂಕಿಗಳಿವು. ‘ಆರ್’ ಎಂಬ ಉಚಿತ ತಂತ್ರಾಂಶದಲ್ಲಿ ಇಂದಿಗೂ ಸಿಗುತ್ತವೆ. ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಮೇಲುನೋಟಕ್ಕೆ ಉತ್ತರ ಸುಲಭ: ಎರಡನೆಯ ಉಪಚಾರ ಒಳ್ಳೆಯದು, ಮೊದಲನೆಯದು ಕೆಟ್ಟದ್ದು. ಆದರೆ ಸರಾಸರಿಯ ಹಿಂದಿನ ಬಿಡಿ ತೂಕಗಳನ್ನು ನೋಡಿ. ಕೆಟ್ಟದ್ದು ಎನಿಸಿದ ಗುಂಪಿನಲ್ಲೇ 3.59 ಗ್ರಾಮಿನ ಸಸಿಯೂ ಇದೆ, 6.03 ಗ್ರಾಮಿನದೂ ಇದೆ. ಈ 6.03ರ ಸಸಿ ಒಳ್ಳೆಯ ಗುಂಪಿನ ಎಂಟು ಸಸಿಗಳಿಗಿಂತ ಭಾರ! ಹಾಗಾದರೆ ಸರಾಸರಿಗಳ ಅಂತರ ಉಪಚಾರದಿಂದ ಬಂತೋ, ದಷ್ಟಪುಷ್ಟ ಸಸಿಗಳೆಲ್ಲ ಒಂದೇ ಗುಂಪಿಗೆ ಸೇರಿಬಿಟ್ಟಿದ್ದರಿಂದ ಬಂತೋ?

ಜೀವವಿಜ್ಞಾನದ ಪ್ರಯೋಗಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಜೀವಿಗಳು ಅಚ್ಚಿಗೆ ಹಾಕಿ ತೆಗೆದಂತೆ ಇರುವುದಿಲ್ಲ. ಒಂದೇ ಕಾಯಿಯ ಎರಡು ಬೀಜಗಳು, ಒಂದೇ ಸೂಲಿನ ಎರಡು ಇಲಿಮರಿಗಳು ಕೂಡ ಬೇರೆಬೇರೆಯಾಗಿ ಬೆಳೆಯುತ್ತವೆ. ಆ ಸಹಜ ಏರುಪೇರಿನ ನಡುವೆ ಉಪಚಾರದ ಪರಿಣಾಮವನ್ನು ಗುರುತಿಸುವುದು ಹೇಗೆ?

ಇದಕ್ಕೆ ದಾರಿ ತೋರಿಸಿದವರು ರೊನಾಲ್ಡ್ ಫಿಷರ್. ಲಂಡನ್ನಿನ ಉತ್ತರಕ್ಕಿರುವ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಅವರು ಸೇರಿದ್ದು 1919ರಲ್ಲಿ. ಅಲ್ಲಿ 1843ರಿಂದ ನಡೆಯುತ್ತಿದ್ದ ಗೋಧಿ ಪ್ರಯೋಗದ ದಾಖಲೆಗಳು ರಾಶಿ ಬಿದ್ದಿದ್ದವು. ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಪ್ರಯೋಗ ಮಾಡುವವರೇ ಆಯ್ದುಕೊಂಡರೆ, ಮಣ್ಣಿನ ಸಾರದ ವ್ಯತ್ಯಾಸ ಗೊಬ್ಬರದ ಗುಣದೊಂದಿಗೆ ಬೆರೆತುಹೋಗುತ್ತದೆ. ಆಮೇಲೆ ಎಷ್ಟು ಲೆಕ್ಕ ಹಾಕಿದರೂ ಅವೆರಡನ್ನು ಬಿಡಿಸುವುದು ಕಷ್ಟ. ಆದ್ದರಿಂದ ಹಂಚಿಕೆ ಮನುಷ್ಯನ ಇಚ್ಛೆಗೆ ಬಿಟ್ಟದ್ದಾಗಿರಬಾರದು, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿರಬೇಕು ಎಂದರು ಫಿಷರ್. 1925 ಮತ್ತು 1935ರಲ್ಲಿ ಬಂದ ಅವರ ಎರಡು ಪುಸ್ತಕಗಳು ಈ ವಿಚಾರವನ್ನು ಜಗತ್ತಿನ ಪ್ರಯೋಗಾಲಯಗಳಿಗೆ ತಲುಪಿಸಿದವು. ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಮುಂದೆ ಕೇಂಬ್ರಿಜ್‌ನಲ್ಲಿ ಇದೇ ಫಿಷರ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು.

ಯಾವ ಸಸಿಗೂ ಯಾವ ಉಪಚಾರ ಬೇಕಾದರೂ ಸಿಗಬಹುದು, ಬೇರಾವ ಕಟ್ಟುಪಾಡೂ ಇಲ್ಲ ಎಂಬಂಥ ಹಂಚಿಕೆಯೇ ಪೂರ್ಣ ಯಾದೃಚ್ಛಿಕ ಪ್ರಯೋಗ. ನಮ್ಮ ಕೃಷಿ ವಿದ್ಯಾರ್ಥಿಗಳು ಇದನ್ನು ‘ಸಿಆರ್‌ಡಿ’ ಎನ್ನುತ್ತಾರೆ. ಕಿಟಕಿ ಪಕ್ಕದ ಬೆಳಕು, ಬೀಜದ ಗಾತ್ರ, ಕಣ್ಣಿಗೆ ಕಾಣದ ಸೋಂಕು, ಇಂಥ ಯಾವುದೂ ಈ ಹಂಚಿಕೆಯಿಂದ ಮಾಯವಾಗುವುದಿಲ್ಲ. ಆದರೆ ಅವು ಯಾವ ಗುಂಪಿನ ಪರವಾಗಿಯೂ ಬೇಕೆಂದೇ ವಾಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಕಸ್ಮಿಕ ಎಷ್ಟು ದೊಡ್ಡ ಅಂತರವನ್ನು ಹುಟ್ಟಿಸಬಲ್ಲದು ಎಂದು ಅಳೆಯಲು ಸಾಧ್ಯವಾಗುತ್ತದೆ. ವಿಶ್ಲೇಷಣೆ ನಿಂತಿರುವುದೇ ಈ ಅಳತೆಯ ಮೇಲೆ.

ಮೂವತ್ತು ತೂಕಗಳ ಒಟ್ಟು ಏರುಪೇರನ್ನು ಎರಡು ಪಾಲು ಮಾಡೋಣ. ಪ್ರತಿ ಸಸಿಯ ತೂಕ ಒಟ್ಟು ಸರಾಸರಿಯಾದ 5.07ರಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿದರೆ 14.26 ಬರುತ್ತದೆ. ಇದರಲ್ಲಿ 3.77 ಗುಂಪುಗಳ ಸರಾಸರಿಗಳ ನಡುವಿನ ಅಂತರದಿಂದ ಬಂದದ್ದು. ಉಳಿದ 10.49 ಒಂದೇ ಗುಂಪಿನ ಸಸಿಗಳ ನಡುವಿನ ವ್ಯತ್ಯಾಸ. ಅವಕ್ಕೆಲ್ಲ ಒಂದೇ ಉಪಚಾರ ಸಿಕ್ಕಿರುವುದರಿಂದ ಈ ಎರಡನೆಯ ಪಾಲಿಗೆ ಉಪಚಾರ ಕಾರಣವಲ್ಲ. ಅದು ಸಹಜ ಏರುಪೇರಿನ ಅಳತೆಗೋಲು.

ಎರಡನ್ನೂ ಹಾಗೆಯೇ ಹೋಲಿಸುವಂತಿಲ್ಲ. ಗುಂಪುಗಳು ಮೂರಾದ್ದರಿಂದ ಮೊದಲ ಪಾಲನ್ನು ಅದಕ್ಕಿಂತ ಒಂದು ಕಡಿಮೆ, ಅಂದರೆ 2ರಿಂದ ಭಾಗಿಸಬೇಕು, 1.88 ಸಿಗುತ್ತದೆ. ಎರಡನೆಯ ಪಾಲನ್ನು ಮೂವತ್ತರಲ್ಲಿ ಮೂರು ಕಳೆದು 27ರಿಂದ ಭಾಗಿಸಿದರೆ 0.39. ಮೊದಲನೆಯದು ಎರಡನೆಯದರ 4.85 ಪಟ್ಟು. ಈ ಅನುಪಾತಕ್ಕೆ ಫಿಷರ್ ಗೌರವಾರ್ಥ ‘ಎಫ್’ ಎಂಬ ಹೆಸರಿದೆ, ಇಡೀ ವಿಧಾನ ‘ಅನೋವಾ’ ಎಂದು ಪ್ರಸಿದ್ಧ. ಉಪಚಾರಗಳಿಗೆ ಯಾವ ಪರಿಣಾಮವೂ ಇಲ್ಲದಿದ್ದರೆ ಎಫ್ ಒಂದರ ಆಸುಪಾಸಿನಲ್ಲಿ ಇರಬೇಕು.

4.85 ದೊಡ್ಡದೇ? ಇದಕ್ಕೆ ಉತ್ತರ ಕೊಡುವುದು ಚೀಟಿ. ಉಪಚಾರಗಳಿಂದ ಏನೂ ಆಗುವುದಿಲ್ಲ ಎಂದು ಒಂದು ಗಳಿಗೆ ಒಪ್ಪಿಕೊಳ್ಳೋಣ. ಆಗ ಪ್ರತಿ ಸಸಿಯೂ ಯಾವ ಗುಂಪಿಗೆ ಹೋಗಿದ್ದರೂ ಅಷ್ಟೇ ತೂಗುತ್ತಿತ್ತು. ಮೂವತ್ತು ಸಸಿಗಳನ್ನು ಹತ್ತರ ಮೂರು ಗುಂಪುಗಳಿಗೆ ಸುಮಾರು ಐದೂವರೆ ಲಕ್ಷ ಕೋಟಿ ಬಗೆಯಲ್ಲಿ ಹಂಚಬಹುದು. ನಮ್ಮ ಚೀಟಿ ಎತ್ತಿಕೊಟ್ಟದ್ದು ಅವುಗಳಲ್ಲೊಂದನ್ನು. ಕಂಪ್ಯೂಟರಿನಲ್ಲಿ ಸಾವಿರಾರು ಸಲ ಮರುಹಂಚಿ, ಎಷ್ಟು ಸಲ 4.85 ಅಥವಾ ಅದಕ್ಕೂ ದೊಡ್ಡ ಎಫ್ ಬರುತ್ತದೆ ಎಂದು ಎಣಿಸಬಹುದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದೇ ಕೆಲಸಕ್ಕೆ ಕೋಷ್ಟಕಗಳಿದ್ದವು. ಎಫ್ ಕೋಷ್ಟಕದ ಪ್ರಕಾರ ಈ ಸಾಧ್ಯತೆ 0.016, ಅಂದರೆ ಸಾವಿರಕ್ಕೆ ಹದಿನಾರು. ಇದೇ ಪಿ-ಮೌಲ್ಯ. ಬರಿಯ ಆಕಸ್ಮಿಕ ಎಂದು ತಳ್ಳಿಹಾಕಲು ಕಷ್ಟವಾಗುವಷ್ಟು ಚಿಕ್ಕದು.

ಅನೇಕರು ಇಲ್ಲಿಗೇ ನಿಲ್ಲಿಸಿ ‘ಉಪಚಾರ ಫಲಿಸಿತು’ ಎಂದು ಬರೆದುಬಿಡುತ್ತಾರೆ. ಎಫ್ ಹೇಳಿದ್ದು ಮೂರು ಗುಂಪುಗಳೂ ಒಂದೇ ಎನ್ನಲಾಗದು ಎಂದಷ್ಟೇ. ಯಾವುದು ಯಾವುದಕ್ಕಿಂತ ಬೇರೆ ಎಂದು ಅದು ಹೇಳಲಿಲ್ಲ. ಅದನ್ನು ತಿಳಿಯಲು ಜೋಡಿಜೋಡಿಯಾಗಿ ಹೋಲಿಸಬೇಕು. ಮೂರು ಹೋಲಿಕೆ ಮಾಡಿದರೆ ತಪ್ಪು ತೀರ್ಮಾನಕ್ಕೆ ಬೀಳುವ ಅವಕಾಶವೂ ಹೆಚ್ಚುತ್ತದೆ: ಒಂದೊಂದರಲ್ಲಿ ನೂರಕ್ಕೆ ಐದು ಎಂದಿಟ್ಟುಕೊಂಡ ಅಪಾಯ ಒಟ್ಟಿನಲ್ಲಿ ಹತ್ತನ್ನು ದಾಟುತ್ತದೆ. ಇದನ್ನು ಹತೋಟಿಯಲ್ಲಿಡಲು ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ರೂಪಿಸಿದ ವಿಧಾನವೊಂದಿದೆ. ಅದರಂತೆ ಇಲ್ಲಿ ಯಾವುದೇ ಎರಡು ಸರಾಸರಿಗಳ ನಡುವೆ ಕನಿಷ್ಠ 0.69 ಗ್ರಾಂ ಅಂತರವಿದ್ದರೆ ಮಾತ್ರ ನಂಬಬಹುದು. ಎರಡು ಉಪಚಾರಗಳ ನಡುವಿನ ಅಂತರ 0.87, ಅದು ಗೆದ್ದಿತು. ಆದರೆ ಎಂದಿನ ಆರೈಕೆಗೂ ಎರಡನೆಯ ಉಪಚಾರಕ್ಕೂ ಅಂತರ 0.49, ಮೊದಲ ಉಪಚಾರಕ್ಕೆ 0.37. ಎರಡೂ ಸಾಲವು.

ಎರಡು ಉಪಚಾರಗಳು ಪರಸ್ಪರ ಬೇರೆ ಎನ್ನಬಹುದು, ಆದರೆ ಎಂದಿನ ಆರೈಕೆಗಿಂತ ಇಂಥದ್ದು ಮೇಲು ಎನ್ನಲು ಈ ಪುರಾವೆ ಸಾಲದು. ಹಾಗೆಂದು ಎರಡನೆಯ ಉಪಚಾರ ನಿಷ್ಫಲ ಎನ್ನುವುದೂ ತಪ್ಪೇ. ಅದು ಸಸಿಗೆ 1.19 ಗ್ರಾಮಿನವರೆಗೆ ತೂಕ ಕೂಡಿಸುತ್ತಿರಬಹುದು, 0.20 ಗ್ರಾಂ ಕಳೆಯುತ್ತಲೂ ಇರಬಹುದು; ಹತ್ತು ಹತ್ತು ಸಸಿಗಳಿಂದ ಅಷ್ಟನ್ನೇ ಹೇಳಬಹುದು. ಹೆಚ್ಚು ಸಸಿ ಬೆಳೆಸಿದರೆ ಈ ವ್ಯಾಪ್ತಿ ಕಿರಿದಾಗುತ್ತದೆ.

ಲೆಕ್ಕ ನಿಜವಾಗಬೇಕಾದರೆ ಎಣಿಕೆ ನಿಜವಾಗಿರಬೇಕು. ಮೂರು ತೊಟ್ಟಿಗಳಲ್ಲಿ ತಲಾ ಇಪ್ಪತ್ತು ಮೀನು ಬಿಟ್ಟು, ಒಂದೊಂದು ತೊಟ್ಟಿಗೆ ಒಂದೊಂದು ಆಹಾರ ಹಾಕಿ, ಅರವತ್ತು ಮೀನು ತೂಗಿದರು ಎನ್ನಿ. ಚೀಟಿ ಎತ್ತಿದ್ದು ತೊಟ್ಟಿಗಳಿಗೆ; ಆದ್ದರಿಂದ ಲೆಕ್ಕಕ್ಕೆ ಸಿಗುವುದು ಮೂರು ಮಾತ್ರ. ಒಂದು ತೊಟ್ಟಿಯ ನೀರು ಕೆಟ್ಟರೆ ಇಪ್ಪತ್ತೂ ಮೀನು ಒಟ್ಟಿಗೆ ಸೊರಗುತ್ತವೆ, ಆಹಾರದ ತಪ್ಪಿಲ್ಲದೆಯೇ ಅದು ಕೆಟ್ಟ ಹೆಸರು ಹೊರುತ್ತದೆ. ಪರಿಸರ ವಿಜ್ಞಾನಿ ಸ್ಟೂವರ್ಟ್ ಹರ್ಲ್‌ಬರ್ಟ್ 1984ರಲ್ಲಿ 176 ಪ್ರಯೋಗಗಳನ್ನು ಪರಿಶೀಲಿಸಿದಾಗ ನೂರಕ್ಕೆ 27ರಲ್ಲಿ ಇಂಥ ಹುಸಿ ಪುನರಾವರ್ತನೆ ಕಂಡಿತು.

ಪ್ರಯೋಗದ ಜಾಗವೂ ಈ ವಿಧಾನಕ್ಕೆ ಹೊಂದಬೇಕು. ಬೆಳಕು, ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುವ ಪ್ರಯೋಗಾಲಯಕ್ಕೆ, ಹಸಿರುಮನೆಯ ಕುಂಡಗಳಿಗೆ ಪೂರ್ಣ ಯಾದೃಚ್ಛಿಕ ಹಂಚಿಕೆ ಸರಿ. ಒಂದು ಅಂಚಿನಿಂದ ಇನ್ನೊಂದಕ್ಕೆ ಮಣ್ಣು ಬದಲಾಗುವ ಹೊಲದಲ್ಲಿ ನೆಲವನ್ನು ಮೊದಲು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯೊಳಗೂ ಬೇರೆಯಾಗಿ ಚೀಟಿ ಎತ್ತುವುದು ಮೇಲು. ಹಾಗೆ ಹಂಚಿದ ಮೇಲೆ ವಿಶ್ಲೇಷಣೆಯೂ ಪಟ್ಟಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಂಚಿಕೆ ಹೇಗೋ ವಿಶ್ಲೇಷಣೆ ಹಾಗೆ.

1938ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಫಿಷರ್ ಆಡಿದ ಮಾತು ಈಗಲೂ ಚಾಲ್ತಿಯಲ್ಲಿದೆ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದು ಮರಣೋತ್ತರ ಪರೀಕ್ಷೆ ಮಾಡಿಸಿದಂತೆ, ಪ್ರಯೋಗ ಯಾವುದರಿಂದ ಸತ್ತಿತು ಎಂದಷ್ಟೇ ಆತ ಹೇಳಿಯಾನು ಎಂಬುದು ಅದರ ಸಾರ. ಇಂದು ಎಫ್ ಮೌಲ್ಯ ಕಂಡುಹಿಡಿಯಲು ತಂತ್ರಾಂಶಕ್ಕೆ ಕ್ಷಣ ಸಾಕು. ಆದರೆ ಚೀಟಿ ಎತ್ತಿದರೋ ಇಲ್ಲವೋ, ಎತ್ತಿದ್ದು ಸಸಿಗೋ ತೊಟ್ಟಿಗೋ ಎಂಬುದು ಅದಕ್ಕೆ ತಿಳಿಯದು. ಏನು ಕೊಟ್ಟರೂ ಉತ್ತರ ಕೊಡುತ್ತದೆ. ಹೊಸ ಔಷಧ, ಹೊಸ ಗೊಬ್ಬರ, ಹೊಸ ತಳಿಯ ಸುದ್ದಿ ಓದುವಾಗ ಫಲಿತಾಂಶದ ಅಂಕಿಗಿಂತ ಮೊದಲು ನಾವು ಕೇಳಬೇಕಾದ್ದು ಇದನ್ನೇ: ಯಾರಿಗೆ ಏನು ಸಿಗಬೇಕೆಂದು ನಿರ್ಧರಿಸಿದ್ದು ಹೇಗೆ? ಇದಕ್ಕೆ ಸ್ಪಷ್ಟ ಉತ್ತರವಿಲ್ಲದ ಪ್ರಯೋಗದಲ್ಲಿ ಪಿ-ಮೌಲ್ಯ ಎಷ್ಟೇ ಚಿಕ್ಕದಾಗಿದ್ದರೂ ಅದನ್ನು ನಂಬಲು ಆಧಾರವಿಲ್ಲ.