ನ್ಯಾಯವಿದ್ದಲ್ಲಿ ನೆರವಿನ ಕೈ



ನಮ್ಮ ಕಾಳಗಿ ಸೀಮೆ ತೊಗರಿಯ ಸೀಮೆ. ಕಣದಲ್ಲಿ ರಾಶಿ ಬಿದ್ದಿರುವಾಗ ಮೋಡ ಕವಿಯಿತೆನ್ನಿ. ಒಬ್ಬರ ಕಣದಲ್ಲಿ ಕೂಲಿಯವರು ಹೊತ್ತು ಮುಳುಗಿದರೂ ನಿಂತು, ಕಾಳು ಮುಚ್ಚಿಯೇ ಮನೆಗೆ ಹೋಗುತ್ತಾರೆ. ಇನ್ನೊಬ್ಬರ ಕಣದಿಂದ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಊರು ಒಂದೇ, ಮಳೆ ಒಂದೇ; ವ್ಯತ್ಯಾಸವೆಲ್ಲಿ?

ಮನಸ್ಸು ಅರಳಿದಾಗ ಮನುಷ್ಯ ತಾನಾಗಿ ನೆರವಾಗುತ್ತಾನೆ. 1972ರಲ್ಲಿ ಅಮೆರಿಕದ ಆಲಿಸ್ ಐಸೆನ್ ಮತ್ತು ಪೌಲಾ ಲೆವಿನ್ ಎಂಬ ವಿದ್ವಾಂಸರು ಗ್ರಂಥಾಲಯದಲ್ಲಿ ಓದುತ್ತಿದ್ದ ಕೆಲವರಿಗೆ ಬಿಸ್ಕತ್ತು ಹಂಚಿ ಪರೀಕ್ಷಿಸಿದರು. ಬಿಸ್ಕತ್ತು ಸಿಕ್ಕವರು ಪರರ ನೆರವಿಗೆ ಹೆಚ್ಚಾಗಿ ಮುಂದಾದರು. ಒಂದು ಕಪ್ ಚಹಾ, ಒಂದು ಒಳ್ಳೆಯ ಮಾತು ಅಷ್ಟು ಮಾಡೀತು.

ಆದರೆ ಚಹಾದ ಸಂತೋಷ ಎಷ್ಟು ಹೊತ್ತು? ಒಂದೇ ಹೊಲದಲ್ಲಿ ಸರಿಸಮ ದುಡಿದ ಗಂಡಿಗೆ ಹೆಚ್ಚು, ಹೆಣ್ಣಿಗೆ ಕಡಿಮೆ ಕೂಲಿ ಎಣಿಸಿದರೆ ಅದು ಅಲ್ಲಿಯೇ ಆರಿಹೋಗುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂದು 1976ರಲ್ಲಿಯೇ ಕಾನೂನಾಯಿತು. ಅದಕ್ಕೂ ಎಂಟು ಶತಮಾನಗಳ ಹಿಂದೆ, ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಶರಣೆ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಮರಳಿಸಿ ಬರಲು ಕಳಿಸಿದರೆಂದು ಶರಣರ ಕಥೆ ಹೇಳುತ್ತದೆ. ತನ್ನ ಪಾಲಿಗಿಂತ ಹೆಚ್ಚಿನದು ಒಲ್ಲೆನೆಂಬುದೇ ನ್ಯಾಯದ ಮೊದಲ ಮೆಟ್ಟಿಲು.

ಹಣಕ್ಕೆ ಕೆಲಸ ಸಿಕ್ಕೀತು, ನೆರವು ಸಿಗದು. ನೆರವು ನ್ಯಾಯಕ್ಕೆ ಒಲಿಯುತ್ತದೆ. ಮನೆಯ ಹಿರಿಯರಲ್ಲಿ ನಾವು ಕೇಳುವುದಿಷ್ಟೆ: ರಾಶಿಪೂಜೆಗೆ ಮೊದಲು ಕೂಲಿಯ ಲೆಕ್ಕ ಸರಿಯಾಗಲಿ. ಮೋಡ ಕವಿದ ದಿನ ನಿಮ್ಮ ಕಣ ಒಂಟಿಯಾಗದು.